ಜಯಾಳ ಕೈಯಿಂದ ತೆಗೆಯದ ನಳಿಕೆ

ಸುಭದ್ರಮ್ಮನವರೇ, ನಿಮ್ಮ ಮಗಳು ಜಯಾಳ ಕೈಯಲ್ಲಿದ್ದ ಡ್ರಿಪ್ ನಳಿಕೆಯನ್ನು ನಾನು ಬದಲಿಸಲಿಲ್ಲ. ಬದಲಿಸಿದ್ದೇನೆಂದು ಚಾರ್ಟಿನಲ್ಲಿ ಸುಳ್ಳು ಬರೆದೆ. ಏಳು ವರ್ಷದಿಂದ ಈ ಎರಡು ಮಾತನ್ನು ಯಾರಿಗೂ ಹೇಳಿಲ್ಲ. ಈಗಲೂ, ನೋಡಿ, ಶಾಯಿ ಚೆಲ್ಲಿಬಿಟ್ಟೆ.

ನಾನು ರುಕ್ಮಿಣಿ, ಮದರಾಸಿನ ಆ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಕನ್ನಡ ಮಾತಾಡುತ್ತಿದ್ದ ಒಬ್ಬಳೇ ನರ್ಸು. ಹೊಟ್ಟೆಯ ಆಪರೇಷನ್ ಆಗಿದ್ದ ಜಯಾ ಬಾಯಿಂದ ಏನೂ ತೆಗೆದುಕೊಳ್ಳುವಂತಿರಲಿಲ್ಲ. ನರಕ್ಕೆ ಸೇರಿಸಿದ ನಳಿಕೆಯಿಂದಲೇ ಗ್ಲೂಕೋಸು, ಔಷಧಿ ಎಲ್ಲ. ಮೂರನೆಯ ದಿನ ಅದನ್ನು ತೆಗೆದು ಬೇರೆ ಕಡೆ ಹೊಸದು ಹಾಕಲೇಬೇಕೆಂದು ಹೆಡ್ ಸಿಸ್ಟರ್ ಕಟ್ಟಪ್ಪಣೆ. ಆ ಕೆಲಸ ನನ್ನದು. ಮೊದಲ ದಿನ ನರ ಸಿಗದೆ ನಾಲ್ಕು ಸಲ ಚುಚ್ಚಿದ್ದೆ. ಮೂರನೆಯ ದಿನ ಸೂಜಿಯ ಟ್ರೇ ಕಂಡದ್ದೇ ಹುಡುಗಿ ಅಳತೊಡಗಿದಳು.

"ಅಕ್ಕಾ, ಇವತ್ತು ವೇಂಡಾ, ಬೇಡ ಅಕ್ಕಾ. ನಾಳೆ ಹಾಕು, ಪ್ಲೀಸ್."

ಕರಗಿಹೋದೆ. ಹೆಡ್ ಸಿಸ್ಟರ್ ಬೈಗುಳಕ್ಕೆ ಹೆದರಿ 'ಬದಲಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ. ಬರೆದ ಮೇಲೆ ಮರುದಿನ ಮತ್ತೆ ಟ್ರೇ ಕೇಳುವುದು ಹೇಗೆ? ಒಂದು ದಿನ ಕಳೆಯಿತು, ಇನ್ನೊಂದು ದಿನ— ಪ್ರತಿ ಬಾರಿ ಆ ಕೋಣೆಗೆ ಹೋಗುವಾಗಲೂ ಮೊದಲು ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಸದ್ಯ, ಬಿಸಿಯಿಲ್ಲ.

ಆರನೆಯ ದಿನ ಮಂಚ ಅಲುಗುವಂಥ ಚಳಿಜ್ವರ ಬಂತು. ನಳಿಕೆ ಕಿತ್ತು ಹಾಕಿದೆ, ಅಷ್ಟರಲ್ಲಿ ತಡವಾಗಿತ್ತು. ರಕ್ತ ಪರೀಕ್ಷೆಯ ವರದಿ ಹಿಡಿದು ಡಾಕ್ಟರು ನಿಮಗೆ ತಿಳಿಯುವ ಹಾಗೆ ಹೇಳಿದರು: ಒದ್ದೆ ಕೈ ತಾಕಿದ ಉಪ್ಪಿನಕಾಯಿಗೆ ಬೂಷ್ಟು ಬರುತ್ತದಲ್ಲ, ಅಂಥದೇ ಒಂದು ನಳಿಕೆಯ ಮೂಲಕ ರಕ್ತಕ್ಕೆ ಇಳಿದಿದೆ.

ನೀವು ತಲೆ ಚಚ್ಚಿಕೊಂಡಿರಿ. "ಅಯ್ಯೋ ರಾಮಾ, ನಾನೇ ಅಲ್ಲವೇನೇ ರುಕ್ಮಿಣಿ? ದಿನಾ ಗುಡಿಯಿಂದ ತೀರ್ಥ ತಂದು, ಒದ್ದೆ ಕೈಲೇ ನಳಿಕೆ ಮೇಲಿನ ಆ ಕಟ್ಟು ಸವರಿದೆನಲ್ಲೇ!"

ಡಾಕ್ಟರು ನಿಮ್ಮ ಮೇಲೆ ರೇಗಿದರು. ನಾನು ಚಾರ್ಟನ್ನು ಎದೆಗೆ ಅವಚಿಕೊಂಡು ಅಲ್ಲೇ ನಿಂತಿದ್ದೆ. 'ಅಲ್ಲ ಅಮ್ಮಾ' ಎನ್ನಲಿಲ್ಲ. ನೀವು ಹೊರಟ ಕೂಡಲೇ ಆ ಕಟ್ಟನ್ನು ದಿನವೂ ನಾನೇ ಬಿಚ್ಚಿ ಒಣ ಬಟ್ಟೆ ಕಟ್ಟುತ್ತಿದ್ದೆ. ನಿಮ್ಮ ತೀರ್ಥ ಮೇಲಿನ ಬಟ್ಟೆ ದಾಟಿರಲಿಲ್ಲ. ಅದೂ ನನಗೆ ಗೊತ್ತಿತ್ತು. ನಾಲ್ಕು ದಿನ ಬಿಟ್ಟು ಜಯಾ ತೀರಿಹೋದಳು. ನೀವು ನನ್ನ ಕೈ ಹಿಡಿದು, ಅವಳನ್ನು ನೀನು ಸ್ವಂತ ಮಗಳ ಹಾಗೆ ನೋಡಿಕೊಂಡೆ ಎಂದಿರಿ.

ಆಮೇಲೆ ನಾನು ಹಾಕಿದ ಪ್ರತಿ ನಳಿಕೆಯ ಪ್ಲಾಸ್ಟರಿನ ಮೇಲೂ ತಾರೀಖು ಬರೆದಿದ್ದೇನೆ. ಮೂರನೆಯ ದಿನ ಯಾರು ಅತ್ತರೂ ತೆಗೆದಿದ್ದೇನೆ. ಹೊಸ ಹುಡುಗಿಯರು ನನ್ನನ್ನು ರಾಕ್ಷಸಿ ಅನ್ನುತ್ತಾರೆ, ಅನ್ನಲಿ. ಅದರಿಂದ ನಿಮಗೇನು ಬಂತು?

ಹೋದ ಶನಿವಾರ ತ್ರಿಪ್ಲಿಕೇನಿನ ಗುಡಿಯಲ್ಲಿ ನಿಮ್ಮನ್ನು ಕಂಡೆ. ಅರ್ಚಕರು ತೀರ್ಥ ಕೊಡಲು ಬಂದಾಗ ನೀವು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿರಿ. ಕಂಬದ ಮರೆಯಲ್ಲಿ ನಿಂತು ನೋಡಿದೆ. ಆಗಲೂ— ಆಗಲೂ ಎದುರಿಗೆ ಬರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ತಂದು ನಿಮ್ಮ ಮುಂದೆ ಓದುತ್ತೇನೆ. ಕ್ಷಮೆ ಕೇಳಲು ಅಲ್ಲ. ನಿಮ್ಮ ಕೈಯಿಂದ ಏನೂ ಆಗಲಿಲ್ಲ ಅಮ್ಮಾ, ಅದನ್ನು ಹೇಳಲು.