ಮಾವನ ಗಂಧಕ, ನನ್ನ ಕುರಿಮರಿ

ರಾಜ್ಯ ಒಂದಾದ ಹೊಸತರಲ್ಲಿ ನಾನು ವನದುರ್ಗದಿಂದ ಸುರಪುರದ ಹತ್ತಿರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದೆ. ಮದುವೆಯಲ್ಲಿ ಅಪ್ಪ ನನಗೊಂದು ಹೆಣ್ಣುಮರಿ ಕೊಟ್ಟಿದ್ದ. ಬೀಗರ ಮರಿ ತೋಳನ ಪಾಲಾದರೆ ಮುಖ ತೋರಿಸುವುದು ಹೇಗೆಂದು ಮಾವ ಅದನ್ನು ಮಂದೆಗೆ ಬಿಡದೆ, ಅಂಗಳದಲ್ಲೇ ಕಟ್ಟಿ ಬೇಸಿಗೆಯುದ್ದಕ್ಕೂ ಒಣ ಜೋಳದ ಕಣಿಕೆ ತಿನ್ನಿಸಿದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ. ಮರಿಯ ಹಿಂಗಾಲು ಮಾತ್ರ ಸೆಟೆದುಕೊಂಡವು.

"ಸಂತಿ ದಿನ ಕಟುಗ ಬರ್ತಾನ, ಕೊಟ್ಟುಬಿಡೂದು," ಅಂದರು ಮಾವ. ನಾನು ಅತ್ತುಬಿಟ್ಟೆ. ಮಾವ ಬೈಯುತ್ತಲೇ ಮರಿಯನ್ನು ಹೆಗಲಿಗೇರಿಸಿಕೊಂಡು ಸುರಪುರದ ದನದ ದವಾಖಾನೆಗೆ ನಡೆದರು, ಹಿಂದೆ ನಾನು.

ಡಾಕ್ಟರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಒಂದಿಷ್ಟು ಉಣ್ಣೆ ಸುಟ್ಟು ಮೂಸಿಸಿದರು. "ಈ ವಾಸನೆ ಗಂಧಕದ್ದು, ಯಜಮಾನ್ರೇ. ಉಣ್ಣೆಯಲ್ಲೂ ಇದೆ, ಮಾಂಸದಲ್ಲೂ ಇದೆ. ಹಸಿರು ಮೇವಿನ ಇ ವಿಟಮಿನ್ ಸಿಗದಿದ್ರೆ ಮೈ ಅದನ್ನ ಸರಿಯಾಗಿ ಬಳಸ್ಕೊಳ್ಳೋಲ್ಲ, ಮಾಂಸ ಸವೆಯುತ್ತೆ. ಹಸಿರು ಹಾಕಿ."

ಅಷ್ಟು ಮಾತಿನಲ್ಲಿ ಮಾವ ಹಿಡಿದುಕೊಂಡದ್ದು ಗಂಧಕವೊಂದನ್ನೇ. ಕಜ್ಜಿಗೆ ಎಣ್ಣೆಯಲ್ಲಿ ಕಲಸಿ ಹಚ್ಚುವ ಆ ಪುಡಿ ಅವರಿಗೆ ಗೊತ್ತಿದ್ದ ವಸ್ತು. ನೇರ ಬಜಾರಿಗೆ ಹೋಗಿ ಪೊಟ್ಟಣ ಕಟ್ಟಿಸಿಕೊಂಡರು. ಮನೆಗೆ ಬಂದವರೇ ಬೆಲ್ಲದಲ್ಲಿ ಉಂಡೆ ಕಟ್ಟಲು ಕೂತರು.

ಆ ಮನೆಯಲ್ಲಿ ಸೊಸೆ ಮಾವನೊಡನೆ ಮಾತಾಡುವ ರೂಢಿಯಿರಲಿಲ್ಲ. ಮರಿಯ ಬಾಯಿ ಅಗಲಿಸಿದ್ದು ಕಂಡು ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ ಅಂದೆ, "ಮಾವಾರ, ಗಂಧಕ ಬ್ಯಾಡ್ರಿ. ಅದು ಮೈಯಾಗ ಐತಂತ್ರಿ. ಹಸರ ಇಲ್ಲದ್ದಕ್ಕ ದಕ್ಕವಲ್ದಂತ."

ಮಾವನ ಕೈ ನಿಂತಿತು. "ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

ಬಜಾರಿನಲ್ಲಿ ಬಾಯಿ ತೆರೆದಿದ್ದರೆ ಸೊಸೆಗೆ ನಾಲಿಗೆ ಉದ್ದವೆಂದು ಇವರೇ ಕೂಗಾಡುತ್ತಿದ್ದರು.

ಮರುದಿನದಿಂದ ಮಾವ ತಾವೇ ಮರಿಯನ್ನು ಹಳ್ಳದ ದಂಡೆಗೆ ಹೊತ್ತೊಯ್ದು ಮೇಯಿಸತೊಡಗಿದರು. ಸಂಜೆ ಬರುವಾಗ ಹೆಗಲ ಮೇಲಿನ ವಲ್ಲಿಯ ತುಂಬ ಹಸಿ ಹುಲ್ಲು. ಬರಬರುತ್ತಾ ಕಾಲು ಸಡಿಲಾದವು. ಕುಂಟುತ್ತಲಾದರೂ ಮರಿ ಅಂಗಳ ದಾಟುತ್ತಿತ್ತು.

ಮಾವ ಅಂದಿದ್ದ ಆ ಕಟುಗ ಒಂದು ಸಂತೆಯ ದಿನ ಬಂದೇ ಬಂದ. ಮರಿಯ ಬೆನ್ನು ಹಿಸುಕಿ ನೋಡಿ ಮಾವನ ಮುಂದೆ ಬೆಲೆ ಮಾತಾಡಲು ಕೂತ.

"ಮರಿ ಸೊಸೀದು," ಅಂದರು ಮಾವ, ಎಲೆಗೆ ಸುಣ್ಣ ಹಚ್ಚುತ್ತಾ. "ಆಕಿನ್ನ ಕೇಳು."

ನಾನು ಬಾಗಿಲ ಹಿಂದಿನಿಂದ ಹೊಸ್ತಿಲಿಗೆ ಬಂದೆ. "ಕೊಡಂಗಿಲ್ರಿ," ಅಂದೆ. ಆ ಮನೆ ನನ್ನದೂ ಹೌದು ಅಂತ ನನಗೆ ಅನ್ನಿಸಿದ್ದು ಆವತ್ತೇ.