ಒಂದು ಹಸಿರು ಬಳೆ ಹೆಚ್ಚಿಗೆ

ಚಾಚಿಯ ಬಲ ಮಣಿಕಟ್ಟಿನ ಮೇಲೆ ರೊಟ್ಟಿಯ ಹಂಚು ತಾಗಿ ಆದ ಸುಟ್ಟ ಕಲೆಯೊಂದಿತ್ತು. ಹುಣಸೆಬೀಜದಷ್ಟು ದೊಡ್ಡದು, ಬಣ್ಣವೂ ಹೆಚ್ಚುಕಡಿಮೆ ಅದರದೇ. ಅದರ ಕೆಳಗೆ ಯಾವಾಗಲೂ ಒಂದು ಹಸಿರು ಗಾಜಿನ ಬಳೆ. ಆ ಕೈಯನ್ನು ನೀವೂ ನೋಡಿರಬಹುದು. ಫೋನಿನಲ್ಲಿ ಬಳೆ ಹುಡುಕುವ ಹೆಂಗಸರು ಬಹಳ ಮಂದಿ ನೋಡಿದ್ದಾರೆ. ಮುಖ ಮಾತ್ರ ಗೋಪನಕೊಪ್ಪದ ನಮ್ಮ ಓಣಿಯವರಿಗಷ್ಟೇ ಗೊತ್ತು.

ಅವರದು ನಮ್ಮ ಪಕ್ಕದ ಮನೆ. ಅವರ ಗಂಡ, ಅಂದರೆ ಚಾಚಾ, ಸ್ಕೂಟರ್ ಮೆಕ್ಯಾನಿಕ್. ನಾನು ನೌಕರಿ ಬಿಟ್ಟು, ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಬಳೆ ಮಾರುತ್ತೇನೆ ಎಂದಾಗ ನಮ್ಮವ್ವ ನನ್ನೊಡನೆ ಮಾತು ಬಿಟ್ಟಳು. ಚಾಚಿ ಮಾತ್ರ ಕಾಂಪೌಂಡ್ ಗೋಡೆಯಾಚೆಯಿಂದ ಕೇಳಿದರು:

"ಬಳಿ ಮಾರೂದು ಛಲೋನ ಬೇಟಾ. ಆದ್ರ ಕೈ ಹಿಡೀಲಾರದ ಬಳಿ ಹೆಂಗ ಮಾರ್ತಿ?"

"ಈಗ ಎಲ್ಲಾ ಫೋಟೊದಾಗ ನಡೀತೈತ್ರಿ ಚಾಚಿ."

"ಫೋಟೊದಾಗರ ಕೈ ಬೇಕಲ್ಲೋ?"

ಬೇಕಿತ್ತು. ಕೈ ಬಾಡಿಗೆಗೆ ಸಿಗುವುದಿಲ್ಲವಾದ್ದರಿಂದ ನನ್ನದಕ್ಕೇ ಡಜನ್ ಬಳೆ ಏರಿಸಿ ಫೋಟೊ ಹಾಕಿದೆ. ನನ್ನ ಕೈಯ ಕೂದಲಿನಲ್ಲಿ ಬಳೆಗಳು ಹುಲ್ಲಿನಲ್ಲಿ ಕಳೆದುಹೋದ ಸಾಮಾನಿನಂತೆ ಕಂಡವು. ಬಂದ ಮೊದಲ ಪ್ರಶ್ನೆ: "ಕರಡಿಗೆ ಮದುವೆಯೇ?" ಅದನ್ನೂ ಸಹಿಸಿಕೊಳ್ಳುತ್ತಿದ್ದೆ, ಆದರೆ ಬಳೆ ಕೈ ಬಿಡಲಿಲ್ಲ. ಝಣಝಣ ಎನ್ನಿಸುತ್ತ ಕಿರಾಣಿ ಅಂಗಡಿಗೆ ಹೋಗಿ ಸಾಬೂನು ತಂದೆ. ಇಡೀ ಓಣಿ ಕಿಟಕಿಗೆ ಬಂತು.

ಚಾಚಿ ನಗುತ್ತಲೇ ಬಂದು ನನ್ನ ಕೈಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲೆ ಸಾಬೂನು ಸವರಿ, ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಒಂದೂ ಒಡೆಯಲಿಲ್ಲ. ಆಮೇಲೆ ಅವನ್ನೇ ತಾವು ತೊಟ್ಟು ಕೈ ಚಾಚಿದರು.

"ತಗಿ ಫೋಟೊ. ಆದ್ರ ಈ ಹಸರ ಬಳಿ ನಾ ತಗಿಯಂಗಿಲ್ಲ. ನಿಮ್ಮ ಚಾಚಾ ಇರೂತನಕ ನನ್ನ ಕೈ ಬರಿದ ಆಗಬಾರ್ದು."

ಹೀಗೆ ಎಲ್ಲ ಫೋಟೊಗಳಲ್ಲೂ ಆ ಹಸಿರು ಬಳೆ ಬಂತು. ಕೆಳಗೆ ನಾನು ಬಹಳ ಜಾಣತನದಿಂದ 'ಚಿತ್ರದಲ್ಲಿ ಕಂಡಂತೆಯೇ ಕಳಿಸಲಾಗುವುದು' ಎಂದು ಬರೆದಿದ್ದೆ. ಗಿರಾಕಿಗಳು ಹಸಿರು ಬಳೆ ಎಲ್ಲಿ ಎಂದು ಜಗಳ ತೆಗೆದರು. ಒಬ್ಬಾಕೆಗೆ ಅದು ಕ್ಯಾಮರಾದ ನೆರಳು ಎಂದೂ ಬರೆದುಬಿಟ್ಟೆ. ಹಸಿರು ನೆರಳನ್ನು ಕಂಡುಹಿಡಿದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

"ಒಂದು ಹೆಚ್ಚಿಗಿ ಹಾಕಿ ಕಳಸೋ ಜಿಪುಣಾ," ಎಂದರು ಚಾಚಿ.

ಕಳಿಸಿದೆ. ಆಮೇಲೆ ಜನ ಆ ಒಂದು ಬಳೆಗಾಗಿಯೇ ನಮ್ಮಲ್ಲಿ ಕೊಳ್ಳತೊಡಗಿದರು. "ಈ ಕೈ ಯಾರದು?" ಎಂದು ಕೇಳಿದವರಿಗೆಲ್ಲ "ನಮ್ಮ ಚಾಚಿದು" ಎಂದು ಬರೆಯುತ್ತಿದ್ದೆ. ನಡುವೆ ನನಗೆ ಸಾಹುಕಾರಿಕೆ ತಲೆಗೇರಿ, ಧಾರವಾಡದಿಂದ ಚಿಕ್ಕಪ್ಪನ ಮಗಳನ್ನು ಕರೆಸಿ ಅವಳ ಬೆಳ್ಳನೆಯ ಕೈಯ ಫೋಟೊ ಹಾಕಿದೆ. ಆರ್ಡರ್ ನಿಂತೇ ಹೋದವು. ಅಂಗಡಿ ಯಾರ ಕೈಯ ಮೇಲೆ ನಿಂತಿದೆ ಎಂದು ನನ್ನಂಥ ದಡ್ಡನಿಗೂ ತಿಳಿಯಿತು.

"ಏನಾತೋ ಸಾಹುಕಾರ? ಹೂವಿನಂಥಾ ಕೈಗೆ ಗಿರಾಕಿ ಬರಲಿಲ್ಲೇನು?"

"ತಪ್ಪಾತ್ರಿ ಚಾಚಿ. ಬರ್ರಿ."

"ಮೊದಲ ಚಹಾ ಮಾಡು. ಸಕ್ರಿ ಜಾಸ್ತಿ."

ಸಕ್ಕರೆ ಕಾಯಿಲೆಯ ಅವರಿಗೆ ಆ ಸಕ್ಕರೆ ಆಗುತ್ತಿರಲಿಲ್ಲ. ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದಾಗ ಕೈ ಬಾತಿತ್ತು, ಬಳೆ ಮಾಂಸದೊಳಗೆ ಹೂತಿತ್ತು. ಕತ್ತರಿಸಿ ತೆಗೆಯಬೇಕೆಂದು ನರ್ಸ್ ಹೇಳಿದರೆ ಚಾಚಿ ಕೈಯನ್ನೇ ಕೊಡಲಿಲ್ಲ. ಅವರ ಮಗಳು ನನಗೆ ಫೋನ್ ಮಾಡಿದಳು. "ಅಣ್ಣಾ, ಲಗೂನ ಬಾ. ಗಂಡ ಎದುರಿಗೆ ನಿಂತಾನ, ಬಳಿ ಹೆಂಗ ಒಡೀತೀರಿ ಅಂತಾಳ. ಯಾರ ಮಾತೂ ಕೇಳವಲ್ಲಳು."

ಪಾರ್ಸಲ್ ಕಟ್ಟುತ್ತಿದ್ದವನು ಟೇಪಿನ ಸುರುಳಿಯನ್ನು ಮಣಿಕಟ್ಟಿಗೆ ಹಾಕಿಕೊಂಡೇ ಓಡಿದೆ. ಚಾಚಾ ಮಂಚದ ಬುಡದಲ್ಲಿ ಗ್ರೀಸಿನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಪ್ಲಾಸ್ಟಿಕ್ ಚೀಲ, ಸಾಬೂನು ತರಿಸಿದೆ.

"ಒಡೀಬ್ಯಾಡೋ."

"ಇಲ್ರಿ."

"ಕೈ ಬರಿದ ಬಿಡಬ್ಯಾಡ."

ಬಳೆಯ ಬದಲು ಕಟ್ಟಲು ಒಂದು ದಾರ ಕೂಡ ಹತ್ತಿರ ಇರಲಿಲ್ಲ. ಕಂದು ಟೇಪನ್ನೇ ಹರಿದು ಮಣಿಕಟ್ಟಿಗೆ ಸಡಿಲವಾಗಿ ಸುತ್ತಿದೆ. ಆಮೇಲೆ ಬಳೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರಿಸಿದೆ. ಇಡಿಯಾಗಿ ಬಂತು. ಚಾಚಿ ಕೈಯೆತ್ತಿ ಟೇಪನ್ನು ನೋಡಿದರು.

"ಪಾರ್ಸಲ್ ಮಾಡಿದೇನೋ ನನ್ನ? ಎಲ್ಲಿಗೆ ಕಳಸ್ತಿ?"

"ಅಡ್ರೆಸ್ ಹೇಳ್ರಿ, ಕಳಸ್ತೇನಿ."

ನರ್ಸ್ ಕೂಡ ನಕ್ಕಳು. ನಾನು ಚಾಚಿಗೆ ಆಡಿದ ಕೊನೆಯ ಮಾತು ಅದು.

ಮಣ್ಣು ಮುಗಿದ ಮೇಲೆ ಮಗಳು ಹೇಳಿದಳು: ಮೈ ತೊಳೆಯುವ ಹೆಂಗಸರಿಗೆ ಆ ಟೇಪ್ ಬಿಡಿಸುವುದು ಸಾಕುಸಾಕಾಯಿತಂತೆ. "ಎಂಥಾ ಟೇಪ್ ಅಣ್ಣಾ ಅದು?"

"ಛಲೋ ಕಂಪನೀದು," ಎಂದೆ. ಅಲ್ಲಿದ್ದವರು ನನ್ನ ಮುಖ ನೋಡಿದರು. ನನಗೆ ಅಳು ಬರಲಿಲ್ಲ. ನಗುವೂ ಬರಲಿಲ್ಲ. ಮನೆಗೆ ಬಂದು ಉಳಿದ ಪಾರ್ಸಲ್ ಕಟ್ಟಿದೆ, ಪ್ರತಿಯೊಂದಕ್ಕೂ ಒಂದು ಹಸಿರು ಬಳೆ ಹಾಕಿ.

ಚಾಚಾ ಬಂದಾಗ, ಆಸ್ಪತ್ರೆಯಲ್ಲಿ ಜಾರಿಸಿ ತೆಗೆದ ಚಾಚಿಯ ಬಳೆಯನ್ನು ಅವರ ಕೈಗಿಟ್ಟೆ. ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. "ನಿನ್ನ ಅಂಗಡ್ಯಾಗ ಇರ್ಲಿ."

"ಚಾಚಿ ಕೈ ಫೋಟೊ ಎಲ್ಲಾ ಅಳಸಿಬಿಡ್ಲೇನ್ರಿ ಚಾಚಾ?"

ತೋರಿಸು ಎಂದರು. ಒಂದೊಂದನ್ನೂ ನಿಧಾನವಾಗಿ ಸರಿಸಿದರು; ಫೋನಿನ ಗಾಜಿನ ತುಂಬ ಗ್ರೀಸಿನ ಗೆರೆಗಳು. "ಇರ್ಲಿ ಬಿಡು. ನೋಡಬೇಕನಿಸಿದ್ರ ಬರ್ತೇನಿ."

ಆಗಾಗ ಬರುತ್ತಾರೆ. ಚಹಾಕ್ಕೆ ಸಕ್ಕರೆ ಬೇಡ ಎನ್ನುತ್ತಾರೆ.

ಮೊನ್ನೆ ಗಿರಾಕಿಯೊಬ್ಬರು ಬರೆದಿದ್ದರು: "ಹೊಸ ಕೆಂಪು ಬಳೆ ಚೆನ್ನಾಗಿವೆ. ಆ ಸುಟ್ಟ ಕಲೆಯ ಕೈಗೆ ತೊಡಿಸಿ ಒಂದು ಫೋಟೊ ಕಳಿಸುತ್ತೀರಾ?" ಏನೇನೋ ಬರೆದು ಅಳಿಸಿದೆ. ಕೊನೆಗೆ, ಅಂಗಡಿಯವರು ಬರೆಯುವಂತೆ, "ಸ್ಟಾಕ್ ಇಲ್ಲರಿ" ಎಂದು ಕಳಿಸಿದೆ.