ಔರಾದ ದವಾಖಾನೆಯ ಮೂರು ತಿಂಗಳು

ನರ್ಸಿಂಗ್ ಪಾಸಾಗಿ ಹೈದರಾಬಾದಿನಿಂದ ಭಾಲ್ಕಿಗೆ ಮರಳಿದಾಗ ನನಗೆ ಇಪ್ಪತ್ತೆರಡು ವರ್ಷ. ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವೇ ವಾರಗಳಾಗಿದ್ದವು. ನನ್ನ ಸನದು ಉರ್ದುವಿನಲ್ಲಿತ್ತು. ಅದರ ಮೇಲೆ ನಿಜಾಮನ ಕಾಲದ ಮೊಹರು. ಆಳುವವರೇ ಬದಲಾದ ಮೇಲೆ ಈ ಕಾಗದವನ್ನು ಯಾರು ಕೇಳುತ್ತಾರೆ ಎಂದು ರೈಲಿನ ದಾರಿಯುದ್ದಕ್ಕೂ ಚಿಂತೆ ಮಾಡಿದ್ದೆ. ಆದರೆ ಆಗ ದವಾಖಾನೆಗಳಲ್ಲಿ ಕೆಲಸಕ್ಕೆ ಜನರೇ ಇರಲಿಲ್ಲ, ಎಷ್ಟೋ ನೌಕರರು ಊರು ಬಿಟ್ಟಿದ್ದರು. ಬೀದರಿನಲ್ಲಿ ಧಾರವಾಡದ ಕಡೆಯಿಂದ ಬಂದಿದ್ದ ಹೊಸ ಡಾಕ್ಟರರು ನನ್ನ ಸನದನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿದರು.

"ಮೂರು ಕಡೆ ಜಾಗಾ ಖಾಲಿ ಅದಾವ. ಇಲ್ಲಿ ಆಪರೇಷನ್ ಥಿಯೇಟರ್, ನಿಮ್ಮ ಭಾಲ್ಕಿ ದವಾಖಾನಿ, ಇಲ್ಲಾಂದ್ರ ಔರಾದ. ಎಲ್ಲಿ ಬೇಕು ನೀವ ಹೇಳ್ರಿ" ಎಂದರು.

ಆರಿಸುವ ಅಧಿಕಾರ ನನಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು. ಹದಿಮೂರಕ್ಕೆ ಮದುವೆ ಮಾಡಿದ್ದರು, ಹದಿನೈದಕ್ಕೆ ಗಂಡ ಸತ್ತ. ಅತ್ತೆಮನೆಯವರು ಹಾಸಿಗೆ ಸುತ್ತಿ ಕಳಿಸಿದರು, ಅಪ್ಪ ಹೈದರಾಬಾದಿಗೆ ಓದಲು ಕಳಿಸಿದ. ಇದ್ಯಾವುದನ್ನೂ ಯಾರೂ ನನ್ನನ್ನು ಕೇಳಿ ಮಾಡಿರಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎಂದು ಜಂಬದಿಂದಲೇ ಹೊರಬಂದೆ.

ಥಿಯೇಟರನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಚ್ಚರ ತಪ್ಪಿಸಿ ಮಲಗಿಸಿದವರ ಪಕ್ಕದಲ್ಲಿ ಇಕ್ಕಳ ಹಿಡಿದು ನಿಲ್ಲುವುದೂ ಒಂದು ನರ್ಸಿನ ಕೆಲಸವೇ? ನನ್ನ ಕೈ ಹೆರಿಗೆಗೆ ಕುದುರಿದ ಕೈ. ಕಲಿಸುವವರೇ ಹಾಗೆ ಹೇಳಿದ್ದರು, ನಾನೂ ನಂಬಿದ್ದೆ.

ಅವ್ವನಿಗೆ ಮಾತ್ರ ಭಾಲ್ಕಿಯೇ ಆಗಬೇಕಿತ್ತು. "ಮನಿ ಮುಂದ ದವಾಖಾನಿ ಅದ. ಬಿಸಿ ರೊಟ್ಟಿ ತಿಂದು ಕೆಲಸಕ್ಕ ಹೋಗು. ಅದು ಬಿಟ್ಟು ಎಲ್ಲಿಗಿ ಹೋಗ್ತಿ?" ಎಂದು ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದಳು. ನಾನೂ ಹೂಂ ಅನ್ನುವವಳೇ ಇದ್ದೆ. ಅಷ್ಟರಲ್ಲಿ ನಮ್ಮ ಓಣಿಯಲ್ಲೇ ಒಬ್ಬಳಿಗೆ ಬೇನೆ ಶುರುವಾಯಿತು. ಚೀಲ ಹಿಡಿದು ಓಡಿದೆ. ಅವಳ ಅತ್ತೆ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತಳು.

"ತಪ್ಪ ತಿಳಕೋಬ್ಯಾಡವಾ. ಚೊಚ್ಚಲ ಬಾಣಂತನ ಅದ. ನಿನ್ನಂಥಾಕಿ ಒಳಗ ಬರಬಾರದು."

ವಿಧವೆ ಎಂಬ ಶಬ್ದವನ್ನು ಅವಳು ಆಡಲಿಲ್ಲ, ಅಷ್ಟು ದಯೆ ತೋರಿಸಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನನ್ನ ಊರಿನಲ್ಲಿ ನಾನು ಮದ್ದು ಆಗದಿದ್ದರೆ ಹೋಗಲಿ, ವಿಷವೇ ಆಗಿದ್ದೆ. ಮನೆಗೆ ಬಂದು ಅಳುತ್ತ ಕೂತೆ. ಮರುದಿನ ಬೀದರಿಗೆ ಹೋಗಿ ಔರಾದ ಎಂದು ಬರೆಸಿದೆ. ಅಲ್ಲಿ ನನ್ನ ಹಣೆಬರಹ ಯಾರಿಗೂ ಗೊತ್ತಿರಲಿಲ್ಲ. ಬರುವ ದಾರಿಯಲ್ಲಿ ಬಜಾರಿನಲ್ಲಿ ಕೂತು ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿಕೊಂಡೆ. ಏಳು ವರ್ಷ ಬರಿಗೈಯಲ್ಲಿದ್ದವಳು. ಬಳೆಗಾರ ಕೈ ಒತ್ತುವಾಗ ನೋವಾಗಿ ಕಣ್ಣಲ್ಲಿ ನೀರು ಬಂದಿತು, ನೋವಿಗೇ ಬಂದಿತು ಎಂದುಕೊಂಡೆ.

ಔರಾದದಲ್ಲಿ ಕುಂಕುಮವನ್ನೂ ಇಟ್ಟೆ. ಗಂಡ ಎಲ್ಲಿ ಎಂದು ಯಾರಾದರೂ ಕೇಳಿದರೆ ಸೊಲ್ಲಾಪುರದ ಮಿಲ್ಲಿನಲ್ಲಿದ್ದಾನೆ ಎನ್ನುತ್ತಿದ್ದೆ. ಈ ಸುಳ್ಳಿಗೆ ನನಗೆ ಆಗಲೂ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ. ದವಾಖಾನೆ ಎಂದರೆ ಎರಡು ಕೋಣೆ, ಔಷಧ ಕೊಡುವ ಒಬ್ಬ ಮುದಿ ಕಂಪೌಂಡರ್, ವಾರಕ್ಕೊಮ್ಮೆ ಬಂದರೆ ಬಂದ ಎನ್ನುವ ಡಾಕ್ಟರ್. ಉಳಿದ ದಿನ ನಾನೇ ರಾಣಿ. ಎರಡು ತಿಂಗಳಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ನನ್ನನ್ನು ಕರೆಯಲು ಬರತೊಡಗಿದರು. ಅಡ್ಡ ಬಿದ್ದ ಒಂದು ಕೂಸನ್ನು ತಿರುಗಿಸಿ ತೆಗೆದ ಮೇಲಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೂಲಗಿತ್ತಿಯರನ್ನು, ಅತ್ತೆಯಂದಿರನ್ನು ಗದರಿಸುವುದೇ ನನ್ನ ಚಟವಾಯಿತು. ಹೊಗೆ ಹಾಕಬೇಡಿ, ಕಿಟಕಿ ಮುಚ್ಚಬೇಡಿ, ಹೊಕ್ಕುಳು ಕೊಯ್ಯಲು ಕುಡುಗೋಲು ಮುಟ್ಟಬೇಡಿ. ಭಾಲ್ಕಿಯ ಬಾಗಿಲಲ್ಲಿ ನಿಂತಿದ್ದ ಆ ಅತ್ತೆಯ ಮೇಲಿನ ಸಿಟ್ಟನ್ನು ಔರಾದ ತಾಲೂಕಿನ ಅತ್ತೆಯಂದಿರೆಲ್ಲರ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಇನ್ನೊಂದು ಅಭ್ಯಾಸವಿತ್ತು. ನನ್ನ ಪಾಠವೆಲ್ಲ ಉರ್ದುವಿನಲ್ಲಿ ಆಗಿತ್ತು, ಹೈದರಾಬಾದಿನ ಹೆರಿಗೆ ವಾರ್ಡಿನಲ್ಲಿ ಆಡುತ್ತಿದ್ದುದೂ ಅದನ್ನೇ. ಹೀಗಾಗಿ ಕೂಸಿನ ತಲೆ ಕಾಣುವ ಹೊತ್ತಿಗೆ ನನ್ನ ಬಾಯಿಂದ ಕನ್ನಡ ಹಾರಿಹೋಗಿ ಉರ್ದು ಬರುತ್ತಿತ್ತು. ಹಳ್ಳಿಯ ಹೆಂಗಸರು ಮುಸಿ ಮುಸಿ ನಗುತ್ತಿದ್ದರು.

ಮೂರನೆಯ ತಿಂಗಳು, ಚಳಿ ಬಿದ್ದಿತ್ತು, ಡಾಬಕಾದಿಂದ ಬಂಡಿ ಬಂದಿತು. ಕುರಿ ಸಾಕುವವರ ಮನೆ. ಮನೆಯ ಹಿರಿಯಳು ಒಬ್ಬ ಮುದುಕಿ. ಬೇನೆ ತಿನ್ನುತ್ತಿದ್ದವಳು ತನ್ನ ಸೊಸೆಯ ಅಕ್ಕ, ಉದಗೀರದ ಕಡೆಯವಳು ಎಂದಳು. ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಓಣಿಯ ಏಳೆಂಟು ಹೆಂಗಸರು ಸಕ್ಕರೆ ಹಂಚುವುದನ್ನು ಕಾಯುತ್ತ ಕೂತಿದ್ದರು. ಒಳಗೆ ಹೋಗಿ ನೋಡಿದರೆ, ಇಪ್ಪತ್ತರ ಹುಡುಗಿ, ಹಣೆ ತುಂಬ ಕುಂಕುಮ, ನನ್ನಂತೆಯೇ ಕೈ ತುಂಬ ಹಸಿರು ಬಳೆ, ಬಾಯಲ್ಲಿ ಮುಷ್ಟಿ ಗಾತ್ರದ ಬಟ್ಟೆ ತುರುಕಿದ್ದಾರೆ. ಬೆವರಿ ನೀರಾಗಿದ್ದಾಳೆ, ಒಂದು ಶಬ್ದವಿಲ್ಲ. ಮುದುಕಿ ಆ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದು ಕೂತಿದ್ದಳು.

ನನ್ನ ತಲೆ ಕೆಟ್ಟಿತು.

"ಕೊಲ್ಲಬೇಕಂತ ಮಾಡಿರೇನು? ಉಸಿರು ಹ್ಯಾಂಗ ತೊಗೋಬೇಕು ಆಕಿ?" ಎಂದು ಕೂಗಾಡಿದೆ.

"ಬ್ಯಾಡ್ರಿ ನರ್ಸಬಾಯಿ, ಇರಲಿ ಬಿಡ್ರಿ. ಆಕಿಗಿ ರೂಢಿ ಅದ" ಎಂದು ಮುದುಕಿ ನನ್ನ ಕೈ ಹಿಡಿದಳು. ಕಣ್ಣಲ್ಲಿ ಏನೋ ಹೇಳಲು ನೋಡಿದಳು. ಅತ್ತೆಯಂದಿರ ಕಣ್ಣು ನೋಡಿ ತಿಳಿದುಕೊಳ್ಳುವ ತಾಳ್ಮೆ ನನಗೆಲ್ಲಿತ್ತು? ಕೈ ಕೊಸರಿಕೊಂಡು ಬಟ್ಟೆಯನ್ನು ಕಿತ್ತು ಮೂಲೆಗೆ ಎಸೆದೆ. ತಲೆ ಬರುತ್ತಿತ್ತು. ಹುಡುಗಿಯ ಭುಜ ಹಿಡಿದು, ಉಸಿರು ತೆಗೆದುಕೋ, ಜೋರು ಹಾಕು, ಹೆದರಬೇಡ ಎಂದು ಅಭ್ಯಾಸಬಲದಿಂದ ಗಟ್ಟಿಯಾಗಿ ಉರ್ದುವಿನಲ್ಲೇ ಅಂದೆ: "ಸಾಂಸ್ ಲೇವ್ ಮಾ, ಜೋರ್ ಲಗಾವ್, ಡರೋ ನಕ್ಕೋ!"

ಅವಳು ನನ್ನನ್ನೇ ದಿಟ್ಟಿಸಿದಳು. ಮರುಕ್ಷಣ ಅಷ್ಟು ಹೊತ್ತು ಕಟ್ಟಿಹಿಡಿದದ್ದೆಲ್ಲ ಒಮ್ಮೆಗೇ ಹೊರಬಂದಿತು. "ಯಾ ಅಲ್ಲಾ! ಅಮ್ಮೀ! ಮರಗಯೀ ಅಮ್ಮೀ!"

ಕೂಸು ಬಂದಿತು. ಹೆಣ್ಣು. ಅದು ಅತ್ತಿತು. ಅಂಗಳದಲ್ಲಿ ಮಾತ್ರ ಮಾತು ನಿಂತುಹೋಗಿತ್ತು. ನಾನು ಹೊಕ್ಕುಳು ಕಟ್ಟುತ್ತಿರುವಾಗ ಹೆಂಗಸರು ಒಬ್ಬೊಬ್ಬರಾಗಿ ಸಕ್ಕರೆ ತೆಗೆದುಕೊಳ್ಳದೆ ಎದ್ದು ಹೋದದ್ದು ಕಾಲುಂಗುರದ ಸಪ್ಪಳದಿಂದ ತಿಳಿಯಿತು. ಮೊದಲು, ನಿಜಾಮನ ಕಾಲದಲ್ಲಿ, ನಮ್ಮವರು ಊರು ಬಿಟ್ಟು ಓಡಿದ್ದರು. ಪೊಲೀಸ್ ಆಕ್ಷನ್ ಆದಮೇಲೆ ಓಡುವ ಸರದಿ ಮುಸಲ್ಮಾನರದಾಗಿತ್ತು. ಓಡಲಾರದವರು ಹೀಗೆ ಕುಂಕುಮ ಇಟ್ಟುಕೊಂಡು ಯಾರದೋ ಮನೆಯ ಮೂಲೆಯಲ್ಲಿ ಉಳಿದಿದ್ದರು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಅಷ್ಟೆ.

ಮುದುಕಿ ಬಾಗಿಲು ಎಳೆದು ಬಂದು ನನ್ನ ಮುಂದೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಈಕಿ ಗಂಡ ಕಂಬಳಿಗಿ ಉಣ್ಣಿ ಕೊಳ್ಳಾಕ ನಮ್ಮ ಮನಿಗಿ ಬರ್ತಿದ್ದ. ಭಾಳ ಒಳ್ಳೆಯವ. ಈಗ ಅವ ಇಲ್ಲ. ಮೂರು ತಿಂಗಳ ಕಾಪಾಡೀನಿ ತಂಗಿ. ಆ ಬಟ್ಟಿ ಸುಮ್ಮನ ಇಟ್ಟಿದ್ದಿಲ್ಲ ನಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಸುಳ್ಳನ್ನು ಬಳೆ ಕುಂಕುಮದ ಸಮೇತ ಎಷ್ಟು ಜೋಪಾನ ಮಾಡಿಕೊಂಡಿದ್ದೆ! ಆ ಹುಡುಗಿಯ ಸುಳ್ಳನ್ನು ಒಂದು ಉಸಿರಿನಲ್ಲಿ ಬೀದಿಗೆ ಹಾಕಿದ್ದೆ. ನನ್ನದು ಬಯಲಾದರೆ ಕೆಲಸ ಹೋಗುತ್ತಿತ್ತು, ಅವಳದು ಬಯಲಾದರೆ ಜೀವ. ಚೀಲ ಕಟ್ಟಿಕೊಂಡು ಬಂಡಿ ಹತ್ತಿದೆ. ಔರಾದಕ್ಕೆ ಮರಳುವಾಗ ಬಂಡಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಬಂಡಿ ಹೊಡೆಯುತ್ತಿದ್ದ ಮುದುಕಿಯ ಮಗ ಹಿಂದೆ ತಿರುಗಿ ಕೂಡ ನೋಡಲಿಲ್ಲ.

ಮೂರು ದಿನ ಬಿಟ್ಟು ಕಂಪೌಂಡರ್ ಸುದ್ದಿ ತಂದ. ಊರಿನ ನಾಲ್ಕು ಜನ ಮುದುಕಿಯ ಮನೆಗೆ ಬಂದು ಬಾಣಂತಿ ಯಾರು ಎಂದು ಕೇಳಿದರಂತೆ. ಮುದುಕಿಯ ಮಗ ಬಾಣಂತಿಯನ್ನೂ ಕೂಸನ್ನೂ ಜೋಳದ ಕಣಿಕೆಯ ಹೊರೆಗಳ ಕೆಳಗೆ ಮಲಗಿಸಿ ಬೀದರಿನ ಕಡೆ ಬಂಡಿ ಹೊಡೆದನಂತೆ. "ಮಾಂಜ್ರಾ ಹೊಳಿ ದಾಟೋದು ಕಷ್ಟ ಅದರಿ, ಈ ಥಂಡ್ಯಾಗ" ಎಂದ. ಆ ವಾರ ಎರಡು ಹಳ್ಳಿಯಿಂದ ಬಂಡಿ ಬಂದವು. ಜ್ವರ ಎಂದು ಹೇಳಿ ಕಳಿಸಿಬಿಟ್ಟೆ. ನೋವು ತಿನ್ನುವ ಹೆಂಗಸಿನ ಮುಂದೆ ನಿಂತು ಬಾಯಿ ತೆರೆಯುವುದು ಇನ್ನು ನನ್ನಿಂದ ಆಗುವಂತಿರಲಿಲ್ಲ. ಕೊನೆಗೆ ಥಿಯೇಟರಿಗೆ ಹಾಕಿರಿ ಎಂದು ಅರ್ಜಿ ಬರೆದುಕೊಂಡು ಬೀದರಿಗೆ ಹೋದೆ. ನಾನು ಲೆಕ್ಕಕ್ಕೇ ಇಡದಿದ್ದ ಕೆಲಸ. ಅಲ್ಲಿ ಮಲಗಿದವರ ಜೊತೆ ಯಾರೂ ಮಾತಾಡಬೇಕಾಗಿಲ್ಲ.

ಡಾಕ್ಟರರು ಅರ್ಜಿ ಇಟ್ಟುಕೊಂಡು, ಸಹಿಯಾಗುವವರೆಗೆ ಹೆಂಗಸರ ವಾರ್ಡಿನಲ್ಲಿ ಕೈಹಚ್ಚು ಎಂದರು. ಕಿಟಕಿಯ ಕೆಳಗಿನ ಮಂಚದ ಮೇಲೆ ಅವಳಿದ್ದಳು. ಹಣೆ ಬರಿದು, ಕೈ ಬರಿದು. ಪಕ್ಕದಲ್ಲಿ ಕೂಸಿರಲಿಲ್ಲ. ಎದೆ ಹಾಲು ಕಟ್ಟಿ ಕಲ್ಲಾಗಿತ್ತು, ಮೈ ಸುಡುತ್ತಿತ್ತು. ನಾನು ಓಡಿಹೋಗಬೇಕೆಂದಿದ್ದೆ. ಎದೆಗೆ ಬಟ್ಟೆ ಕಟ್ಟುವ ಕೆಲಸ ನನ್ನ ಪಾಲಿಗೇ ಬಂದಿತ್ತು. ಅಗಲ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಪಿನ್ನು ಹಾಕುವಾಗ ಅವಳು ಗುರುತು ಹಿಡಿದಳು. ಉರ್ದುವಿನಲ್ಲಿ ನಿಧಾನವಾಗಿ ಮಾತಾಡಿದಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹೊಳೆ ದಾಟುವವರೆಗೆ ಕುಡಿಯುತ್ತಿತ್ತು, ಆಪಾ. ದಾಟಿದ ಮೇಲೆ ನೋಡಿದರೆ ತಣ್ಣಗಾಗಿತ್ತು."

ನನ್ನದೇ ತಪ್ಪು ಎಂದೆ. ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು.

"ಮೂರು ತಿಂಗಳು ಯಾರೂ ನನ್ನ ಜೊತೆ ನಮ್ಮ ಮಾತು ಆಡಿರಲಿಲ್ಲ. ನೀವು ಭುಜ ಹಿಡಿದು ಹೆದರಬೇಡ ಎಂದಾಗ ನಮ್ಮ ಅಮ್ಮಿಯೇ ಬಂದಳು ಅನಿಸಿತು."

ಇದರ ಬದಲು ಅವಳು ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ವರ್ಷ ನಾನು ಸ್ವಲ್ಪ ನೆಮ್ಮದಿಯಿಂದ ಇರುತ್ತಿದ್ದೆ.

ಆಮೇಲೆ ಅವಳು ಕೇಳಿದಳು: "ಔರಾದಕ್ಕೆ ಯಾವಾಗ ಹೋಗುತ್ತೀರಿ? ಆ ಮನೆಯ ಸೊಸೆಗೂ ಏಳು ತಿಂಗಳು ತುಂಬಿದೆ, ಚೊಚ್ಚಲು. ಈಗ ಓಣಿಯವರು ಯಾರೂ ಅವರ ಮನೆಗೆ ಹೋಗುವುದಿಲ್ಲ, ಸೂಲಗಿತ್ತಿ ಕೂಡ ಬರುವುದಿಲ್ಲವಂತೆ. ಬೇನೆ ಬಂದರೆ ನಿಮಗೇ ಬಂಡಿ ಕಳಿಸುತ್ತೇನೆ ಎಂದು ಅಜ್ಜಿ ಹೇಳುತ್ತಿದ್ದಳು."

"ನಾಳೆ ಹೋಗುತ್ತೇನೆ" ಎಂದೆ.

ಸಂಜೆ ಅರ್ಜಿಗೆ ಸಹಿಯಾಯಿತು. ಮೂವತ್ತು ವರ್ಷ ಆ ಥಿಯೇಟರಿನಲ್ಲಿ ಕೆಲಸ ಮಾಡಿದೆ, ಒಳ್ಳೆಯ ಹೆಸರನ್ನೂ ತೆಗೆದುಕೊಂಡೆ. ಡಾಬಕಾದ ಬಂಡಿ ಔರಾದಕ್ಕೆ ಬಂದಿತ್ತೇ, ಬಂದು ಎಷ್ಟು ಹೊತ್ತು ನಿಂತಿತ್ತು, ಆ ಸೊಸೆಯ ಹೆರಿಗೆಗೆ ಯಾರು ಕೂತರು, ನಾನು ಯಾರನ್ನೂ ಕೇಳಲಿಲ್ಲ.